ವ್ಯಾಗನ್ ಆರ್‌ಗೆ 145/80 ಆರ್13 ಬದಲು ಬೇರೆ ಅಳತೆಯ ಟೈರ್ ಹಾಕಿಸಬಹುದೇ?

ಪ್ರಶ್ನೆ: ಸಾಧನಕೇರಿ ನಿವಾಸಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ 2013ರ ವ್ಯಾಗನ್ ಆರ್ ಎಲ್‌ಎಕ್ಸ್‌ಐ ಕಾರು ಇದೆ. ಎರಡು ವರ್ಷದ ಕೆಳಗೆ ಪರಿಚಿತರೊಬ್ಬರಿಂದ ಕೊಂಡದ್ದು. ಒಂದು ಲೀಟರಿನ ಪೆಟ್ರೋಲ್ ಎಂಜಿನ್ನು, ಉಕ್ಕಿನ ರಿಮ್ಮು; ಕಂಪನಿಯಿಂದ ಬಂದ ಟೈರಿನ ಅಳತೆ 145/80 ಆರ್13. ವಾರಕ್ಕೆ ಐದು ದಿನ ಧಾರವಾಡದಿಂದ ಹುಬ್ಬಳ್ಳಿಯ ಮೇಲೆ ಹಾಯ್ದು ಅಣ್ಣಿಗೇರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ತಿಂಗಳಿಗೆ ಎರಡು ಸಲವಾದರೂ ನವಲಗುಂದದ ಕಡೆಯಿರುವ ಮಾವನವರ ಊರಿಗೆ ಹೋಗಬೇಕಾಗುತ್ತದೆ. ಅಲ್ಲಿ ಕೊನೆಯ ಎರಡು ಮೂರು ಕಿಲೋಮೀಟರು ಎರೆ ಹೊಲಗಳ ನಡುವಿನ ಚಕ್ಕಡಿ ದಾರಿ. ತಿರುಗಿ ಬರುವಾಗ ಡಿಕ್ಕಿಯಲ್ಲಿ ಜೋಳದ ಚೀಲವೋ ಕಡಲೆಯ ಚೀಲವೋ ಇದ್ದೇ ಇರುತ್ತದೆ.

ಈಗಿನ ಟೈರುಗಳನ್ನು ಹಾಕಿಸಿ ಒಂದೂವರೆ ವರ್ಷವಾಯಿತು, ಸುಮಾರು 35,000 ಕಿಲೋಮೀಟರು ಓಡಿವೆ. ಮುಂದಿನ ಎರಡೂ ಟೈರುಗಳ ಅಂಚುಗಳು ನುಣ್ಣಗಾಗಿವೆ, ನಡುಭಾಗದಲ್ಲಿ ಮಾತ್ರ ಇನ್ನೂ ಗೀರು ಉಳಿದಿದೆ. ಹೊಸದು ಹಾಕಿಸೋಣವೆಂದು ಹುಬ್ಬಳ್ಳಿಯ ಒಂದು ಟೈರ್ ಅಂಗಡಿಗೆ ಹೋದರೆ, 145ರ ಮಾಲು ಸದ್ಯಕ್ಕೆ ಇಲ್ಲವೆಂದೂ, 155/80 ಆರ್13 ಹಾಕಿಸಿದರೆ ಗಾಡಿ ಎತ್ತರವೂ ಆಗುತ್ತದೆ, ನೋಡಲು ತುಂಬಿಕೊಂಡೂ ಕಾಣುತ್ತದೆ ಎಂದೂ ಹೇಳಿದರು. “ಏನೂ ಆಗೂದಿಲ್ರಿ ಸರ, ಎಲ್ಲಾರೂ ಹಾಕ್ಸ್ತಾರ” ಎಂಬುದು ಅವರ ಭರವಸೆ. ಎರಡನೆಯ ಅಂಗಡಿಯವರು 165/70 ಆರ್13 ಒಳ್ಳೆಯದೆಂದರು. ಇವೆರಡರ ನಡುವೆ ನನ್ನ ಸಹೋದ್ಯೋಗಿಯೊಬ್ಬರು, ಇದೇ ಕಾರಿನ ವಿಎಕ್ಸ್‌ಐ ಮಾದರಿಗೆ ಕಂಪನಿಯೇ 14 ಇಂಚಿನ ರಿಮ್ಮು, 155/65 ಆರ್14 ಟೈರು ಕೊಟ್ಟಿದೆಯಾದ್ದರಿಂದ ಹಳೆಯ ಅಲಾಯ್ ಸೆಟ್ಟೊಂದನ್ನು ಕೊಂಡುಬಿಡಿ ಎನ್ನುತ್ತಿದ್ದಾರೆ.

ನನ್ನ ಕಷ್ಟ ಇಷ್ಟೇ. ಚಕ್ಕಡಿ ದಾರಿಯಲ್ಲಿ ಕಾರಿನ ಹೊಟ್ಟೆ ಕಲ್ಲಿಗೆ ತಾಗುತ್ತದೆ, ಹೆದ್ದಾರಿಯಲ್ಲಿ ಮಳೆ ಬಂದಾಗ ಹಿಡಿತ ಸಾಲದೆನಿಸುತ್ತದೆ. ಈ ಮೂರು ಅಳತೆಗಳಲ್ಲಿ ಯಾವುದರಿಂದ ನನ್ನ ಕಷ್ಟ ನೀಗೀತು? ಟೈರು ಮಡ್‌ಗಾರ್ಡಿಗೆ ತಾಗುವ, ಮೈಲೇಜು ಇಳಿಯುವ ಭಯವಿದೆಯೇ? ಕಾಯ್ದೆಯ ತೊಡಕೇನಾದರೂ ಉಂಟೇ? ಬಲ್ಲವರು ತಿಳಿಸಬೇಕು.

ಉತ್ತರ 1: ಉಣಕಲ್ ಕೆರೆ, ಹುಬ್ಬಳ್ಳಿ

ನಮಸ್ಕಾರ ಸರ್. ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಷಯ ಕಲಿಸಿ ನಿವೃತ್ತನಾದವನು ನಾನು; ಉತ್ತರ ಸ್ವಲ್ಪ ಪಾಠದಂತೆ ಕಂಡರೆ ಸಹಿಸಿಕೊಳ್ಳಬೇಕು. ಅಂಗಡಿಯವರ ಮಾತನ್ನು ಒಪ್ಪುವುದಕ್ಕೂ ತಳ್ಳಿಹಾಕುವುದಕ್ಕೂ ಮೊದಲು ಕಾಗದದ ಮೇಲೆ ನಾಲ್ಕು ಅಂಕಿ ಬರೆದುಕೊಳ್ಳುವುದು ಒಳ್ಳೆಯದು.

ನಿಮ್ಮ ಟೈರಿನ 145 ಎಂಬುದು ಅದರ ಅಗಲ, ಮಿಲಿಮೀಟರಿನಲ್ಲಿ. 80 ಎಂಬುದು ಮಿಲಿಮೀಟರಲ್ಲ. ಟೈರಿನ ಪಕ್ಕೆಯ ಎತ್ತರವು ಅಗಲದ ಶೇಕಡಾ 80ರಷ್ಟಿದೆ ಎಂದು ಅದರ ಅರ್ಥ. ಅಂದರೆ ಪಕ್ಕೆಯ ಎತ್ತರ 116 ಮಿ.ಮೀ. 13 ಇಂಚಿನ ರಿಮ್ಮು 330.2 ಮಿ.ಮೀ. ಆಗುತ್ತದೆ, ಅದರ ಮೇಲೂ ಕೆಳಗೂ ಪಕ್ಕೆ ಇರುವುದರಿಂದ ಎರಡು ಸಲ 116 ಕೂಡಿಸಿದರೆ ಚಕ್ರದ ಒಟ್ಟು ವ್ಯಾಸ 562.2 ಮಿ.ಮೀ. ಇದೇ ರೀತಿಯಲ್ಲಿ 155/80 ಆರ್13ರ ವ್ಯಾಸ 578.2, 165/70 ಆರ್13ರದು 561.2, 155/65 ಆರ್14ರದು 557.1 ಮಿ.ಮೀ. ಬರುತ್ತದೆ. ತಯಾರಕರಿಂದ ತಯಾರಕರಿಗೆ ಕೆಲವು ಮಿಲಿಮೀಟರು ಹೆಚ್ಚುಕಡಿಮೆ ಇರುವುದುಂಟು, ಆದರೆ ಹೋಲಿಕೆಗೆ ಇಷ್ಟು ಸಾಕು.

ಈಗ ನಿಮ್ಮ ಕಾರಿನ ಹೊಟ್ಟೆಯ ವಿಷಯ. 155/80ರ ವ್ಯಾಸ 16 ಮಿ.ಮೀ. ಹೆಚ್ಚು, ಕಾರು ಏಳುವುದು ಅದರ ಅರ್ಧದಷ್ಟು, ಅಂದರೆ 8 ಮಿ.ಮೀ. ಮಾತ್ರ. ಇಲ್ಲೊಂದು ಮಾತನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಹೊಸ ಟೈರಿನ ಗೀರಿನ ಆಳ ಏಳೆಂಟು ಮಿ.ಮೀ. ಇರುತ್ತದೆ, ಸವೆದು ಕೊನೆಗೆ ಬರುವ ಹೊತ್ತಿಗೆ ಒಂದೂವರೆ ಎರಡು ಮಿ.ಮೀ. ಉಳಿಯುತ್ತದೆ. ಆದುದರಿಂದ ನೀವು ಇದೇ 145/80ರ ಹೊಸ ಟೈರು ಹಾಕಿಸಿದರೂ ಕಾರು ಈಗಿರುವುದಕ್ಕಿಂತ ಐದಾರು ಮಿ.ಮೀ. ಮೇಲೇಳುತ್ತದೆ. ಬೋಳು ಟೈರಿನ ಪಕ್ಕದಲ್ಲಿ ದೊಡ್ಡ ಅಳತೆಯ ಹೊಸ ಟೈರನ್ನು ನಿಲ್ಲಿಸಿ ತೋರಿಸಿದಾಗ ಕಾಣುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಅಳತೆಯದಲ್ಲ, ಹೊಸತನದ್ದು.

ಸ್ಪೀಡೋಮೀಟರು ಚಕ್ರದ ಸುತ್ತುಗಳನ್ನು ಎಣಿಸಿ ಲೆಕ್ಕ ಹೇಳುತ್ತದೆಯೇ ಹೊರತು ಅದಕ್ಕೆ ರಸ್ತೆ ಕಾಣುವುದಿಲ್ಲ. ಚಕ್ರ ಶೇಕಡಾ 2.8ರಷ್ಟು ದೊಡ್ಡದಾದರೆ ಮುಳ್ಳು 80 ತೋರಿಸುವಾಗ ಕಾರು 82ಕ್ಕಿಂತ ತುಸು ಹೆಚ್ಚು ವೇಗದಲ್ಲಿರುತ್ತದೆ. ಮೊದಲೇ ಮುಳ್ಳು ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವಂತೆ ಕಾರ್ಖಾನೆಯಲ್ಲಿ ಹೊಂದಿಸಿರುವುದರಿಂದ ಇದರಿಂದ ಅಪಾಯವೇನಿಲ್ಲ. ಆದರೆ ಓಡಿದ ದೂರದ ಲೆಕ್ಕ ಕೆಡುತ್ತದೆ: ನಿಜವಾಗಿ 10,000 ಕಿಲೋಮೀಟರು ಓಡಿದಾಗ ಮೀಟರಿನಲ್ಲಿ 9,720ರ ಸುಮಾರು ಬರುತ್ತದೆ. “ದೊಡ್ಡ ಟೈರು ಹಾಕಿಸಿದ ಮೇಲೆ ಮೈಲೇಜು ಬಿತ್ತು” ಎಂದು ಹಲವರು ಹೇಳುವುದರಲ್ಲಿ ಈ ತಪ್ಪೆಣಿಕೆಯ ಪಾಲೂ ಇದೆ. ಉಳಿದ ಪಾಲು ನಿಜವಾದ ನಷ್ಟವೇ. ಅಗಲವೂ ಭಾರವೂ ಹೆಚ್ಚಾದ ಟೈರನ್ನು ಉರುಳಿಸಲು ಶಕ್ತಿ ಹೆಚ್ಚು ಬೇಕು, ಅದರ ಮೇಲೆ ನಿಮ್ಮದು ಚಿಕ್ಕ ಎಂಜಿನ್ನು.

165/70 ಆರ್13ರ ವ್ಯಾಸ ನಿಮ್ಮ ಈಗಿನ ಟೈರಿಗೆ ಒಂದು ಮಿಲಿಮೀಟರಿನಷ್ಟೇ ಕಡಿಮೆ ಇರುವುದರಿಂದ ಕಾಗದದ ಮೇಲೆ ಅದೇ ಸರಿಯಾದ ಜೋಡಿಯೆಂದು ತೋರುತ್ತದೆ. ಆದರೆ ಅಗಲ 20 ಮಿ.ಮೀ. ಹೆಚ್ಚು, ನಿಮ್ಮ ರಿಮ್ಮು ಮಾತ್ರ ಅದೇ ಕಿರಿದಾದ ರಿಮ್ಮು. ಟೈರಿನ ಪ್ರತಿಯೊಂದು ಅಳತೆಗೂ ಇಷ್ಟರಿಂದ ಇಷ್ಟು ಅಗಲದ ರಿಮ್ಮು ಎಂಬ ಕಟ್ಟುಪಾಡಿದೆ, ಟೈರ್ ಕಂಪನಿಗಳ ಪಟ್ಟಿಯಲ್ಲಿ ಅದು ದೊರೆಯುತ್ತದೆ. ರಿಮ್ಮಿನ ಅಗಲವನ್ನು ರಿಮ್ಮಿನ ಮೇಲೆಯೇ ಒತ್ತಿರುತ್ತಾರೆ. ಚಕ್ರದ ಕ್ಯಾಪು ತೆಗೆದು, ಕೆಸರು ಒರೆಸಿ, 13ರ ಪಕ್ಕದಲ್ಲಿ 4 ಇದೆಯೋ 4.5 ಇದೆಯೋ 5 ಇದೆಯೋ ನೋಡಿರಿ. ಕಿರಿದಾದ ರಿಮ್ಮಿಗೆ ಅಗಲವಾದ ಟೈರು ಕೂರಿಸಿದರೆ ಪಕ್ಕೆಗಳು ಹೊರಗೆ ಉಬ್ಬಿ ನಿಲ್ಲುತ್ತವೆ, ತಿರುವಿನಲ್ಲಿ ಟೈರು ರಿಮ್ಮಿನ ಮೇಲೆ ಓಲಾಡುತ್ತದೆ, ಸ್ಟೇರಿಂಗು ತಡವಾಗಿ ಮಾತು ಕೇಳುತ್ತದೆ. ಅಗಲ ಹೆಚ್ಚಿದ ಮಾತ್ರಕ್ಕೆ ಹಿಡಿತ ಹೆಚ್ಚುತ್ತದೆಂಬ ನಂಬಿಕೆ ಅಲ್ಲಿಗೇ ಸುಳ್ಳಾಗುತ್ತದೆ.

14 ಇಂಚಿನ ಅಲಾಯ್‌ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಕಂಪನಿಯೇ ಕೊಟ್ಟ ಅಳತೆಯಾದ್ದರಿಂದ ಅದು ತಾಗುವುದಿಲ್ಲ, ಮೀಟರಿನ ಲೆಕ್ಕವೂ ಹೆಚ್ಚು ಕೆಡುವುದಿಲ್ಲ. ಆದರೆ ಅದರ ಪಕ್ಕೆಯ ಎತ್ತರ 101 ಮಿ.ಮೀ. ಕೂಡ ಇಲ್ಲ, ನಿಮ್ಮ ಈಗಿನ ಟೈರಿಗಿಂತ 15 ಮಿ.ಮೀ. ಕಡಿಮೆ. ತಗ್ಗಿಗೆ ಬಿದ್ದಾಗ ಪೆಟ್ಟನ್ನು ಮೊದಲು ತಾಳಿಕೊಳ್ಳುವುದು ಆ ಪಕ್ಕೆಯೊಳಗಿನ ಗಾಳಿ. ಅದು ತೆಳುವಾದಷ್ಟೂ ಪೆಟ್ಟು ರಿಮ್ಮಿಗೂ ನಿಮ್ಮ ಬೆನ್ನಿಗೂ ನೇರವಾಗಿ ಬೀಳುತ್ತದೆ. ಮೇಲಿನ ಮಾದರಿಗೆ ಕೊಟ್ಟದ್ದೆಲ್ಲ ಮೇಲ್ಮಟ್ಟದ್ದೇ ಆಗಿರಬೇಕೆಂದಿಲ್ಲ. ಚಕ್ಕಡಿ ದಾರಿಗೆ ಹೋಗುವ ಕಾರಿಗೆ ನಿಮ್ಮ ಎಲ್‌ಎಕ್ಸ್‌ಐಯ ಬಡ 13 ಇಂಚೇ ಲೇಸು.

ಉತ್ತರ 2: ವರದಾ ತೀರ, ಹಾವೇರಿ

ಮೇಲಿನ ಹಿರಿಯರ ಲೆಕ್ಕಕ್ಕೆ ನಾನು ಅನುಭವವನ್ನು ಮಾತ್ರ ಸೇರಿಸಬಲ್ಲೆ. ನನ್ನದೂ ಇದೇ ತಲೆಮಾರಿನ ಎಲ್‌ಎಕ್ಸ್‌ಐ. 155/80 ಆರ್13 ಹಾಕಿಸಿ ಮೂರು ವರ್ಷ, 41,000 ಕಿಲೋಮೀಟರು ಓಡಿಸಿದ್ದೇನೆ. ಕೆಟ್ಟದಾಯಿತೆಂದು ಹೇಳಲಾರೆ, ಆದರೆ ಅಂಗಡಿಯವರು ಹೇಳಿದಂತೆ “ಏನೂ ಆಗುವುದಿಲ್ಲ” ಎಂಬುದೂ ನಿಜವಲ್ಲ.

ಮೊದಲನೆಯದಾಗಿ ತಾಗುವ ವಿಷಯ. ಖಾಲಿ ಕಾರಿನಲ್ಲಿ ಒಬ್ಬನೇ ಓಡಿಸುವಾಗ ಏನೂ ತಿಳಿಯಲಿಲ್ಲ. ಬ್ಯಾಡಗಿಯಲ್ಲಿ ನಂಟರ ಮದುವೆಗೆ ಐದು ಜನ ಹೋದ ದಿನ, ಕಲ್ಯಾಣ ಮಂಟಪದ ಗೇಟಿನಲ್ಲಿ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದಾಗ ಮುಂದಿನ ಚಕ್ರದಿಂದ ಗರಗರ ಸದ್ದು ಬಂತು. ಇಳಿದು ನೋಡಿದರೆ ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹಾಳೆಯ ಹಿಂಬದಿಯ ಅಂಚು ಟೈರಿಗೆ ಸವರುತ್ತಿತ್ತು. ಹಾಳೆಯ ಒಂದು ಕ್ಲಿಪ್ಪು ಹೋಗಿದ್ದರಿಂದ ಅದು ಜೋತುಬಿದ್ದಿತ್ತು. ಹೊಸ ಕ್ಲಿಪ್ಪು ಹಾಕಿಸಿದ ಮೇಲೆ ನಿಂತಿತು. ಅಂದರೆ ಕಾರು ಕಾರ್ಖಾನೆಯಿಂದ ಬಂದಂತಿದ್ದರೆ ತಾಗಲಾರದು, ಹತ್ತು ವರ್ಷ ತಾಗಿಸಿ ಬಡಿಸಿ ಓಡಿಸಿದ ಕಾರು ಹಾಗೆ ಇರುವುದಿಲ್ಲವಲ್ಲ.

ಎರಡನೆಯದು ಎಳೆತ. ಊರಿನಲ್ಲಿ, ಹೆದ್ದಾರಿಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಶಿರಸಿಯಿಂದ ಕುಮಟೆಗೆ ಇಳಿದು ತಿರುಗಿ ದೇವಿಮನೆ ಘಟ್ಟ ಹತ್ತುವಾಗ ಮಾತ್ರ, ಮೊದಲು ಎರಡನೆಯ ಗೇರಿನಲ್ಲಿ ಏರುತ್ತಿದ್ದ ಒಂದೆರಡು ತಿರುವುಗಳಿಗೆ ಮೊದಲನೆಯ ಗೇರು ಹಾಕಬೇಕಾಯಿತು. ಮೈಲೇಜನ್ನು ನಾನು ಟ್ಯಾಂಕು ತುಂಬಿಸಿ ಮತ್ತೆ ತುಂಬಿಸುವ ಲೆಕ್ಕದಲ್ಲಿ ನೋಡಿದೆ. ಮೊದಲು 19.5 ಬರುತ್ತಿದ್ದದ್ದು ಮೀಟರಿನ ಪ್ರಕಾರ 18.6ಕ್ಕೆ ಇಳಿಯಿತು; ದೂರದ ತಪ್ಪೆಣಿಕೆಯನ್ನು ಸರಿಪಡಿಸಿದರೆ 19.1 ಆಗುತ್ತದೆ. ಅಷ್ಟಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಡಿಸಿದ್ದು ಸ್ಟೆಪ್ನಿ. ಹಣ ಉಳಿಸಲು ನಾಲ್ಕೇ ಟೈರು ಕೊಂಡು, ಸ್ಟೆಪ್ನಿಯಲ್ಲಿ ಹಳೆಯ 145ನ್ನೇ ಬಿಟ್ಟಿದ್ದೆ. ಒಂದು ರಾತ್ರಿ ಹುಬ್ಬಳ್ಳಿಯಿಂದ ಬರುವಾಗ ತಡಸ ಕ್ರಾಸ್ ಹತ್ತಿರ ಮುಂದಿನ ಟೈರು ಪಂಚರಾಯಿತು. ಈ ಕಾರಿನ ಎಳೆತವೆಲ್ಲ ಮುಂದಿನ ಚಕ್ರಗಳದು. ಅಲ್ಲಿ ಒಂದು ಚಕ್ರ ದೊಡ್ಡದು, ಒಂದು ಚಿಕ್ಕದು ಇದ್ದರೆ ನೇರ ರಸ್ತೆಯಲ್ಲಿಯೂ ಡಿಫರೆನ್ಷಿಯಲ್ಲಿನ (ತಿರುವಿನಲ್ಲಿ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಹಲ್ಲುಗಳು ಬಿಡುವಿಲ್ಲದೆ ತಿರುಗುತ್ತಲೇ ಇರಬೇಕು. ಆದುದರಿಂದ ಹಿಂದಿನ ಒಂದು ಚಕ್ರವನ್ನು ಬಿಚ್ಚಿ ಮುಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಬೇಕಾಯಿತು. ಲಾರಿಗಳು ಹಾಯುವ ರಸ್ತೆಯ ಬದಿಯಲ್ಲಿ ಮೊಬೈಲಿನ ಬೆಳಕಿನಲ್ಲಿ ಎರಡು ಸಲ ಜ್ಯಾಕು ಏರಿಸುವುದು ಬೇಡವೆನಿಸುವವರು, ಅಳತೆ ಬದಲಿಸುವುದಾದರೆ ಐದು ಟೈರಿನ ದುಡ್ಡನ್ನು ಹಿಡಿದುಕೊಂಡೇ ಅಂಗಡಿಗೆ ಹೋಗಬೇಕು.

ಒಳ್ಳೆಯದನ್ನೂ ಹೇಳಬೇಕು. ಹಾವೇರಿ–ಹಾನಗಲ್ ರಸ್ತೆಯ ತಗ್ಗುಗಳಲ್ಲಿ ಕಾರು ಮೊದಲಿಗಿಂತ ಮೆತ್ತಗೆ ನಡೆಯುತ್ತದೆ, ಮತ್ತು ಈ ಅಳತೆಯ ಟೈರು ಯಾವ ಊರಿನಲ್ಲಿಯೂ ಸಿಗುತ್ತದೆ. 2019ರಲ್ಲಿ ಬಂದ ಹೊಸ ವ್ಯಾಗನ್ ಆರ್‌ನ ಎಲ್‌ಎಕ್ಸ್‌ಐಗೆ ಕಂಪನಿಯೇ 155/80 ಆರ್13 ಕೊಟ್ಟಿದೆ. ಆದರೆ ಅದು ಹೆಸರಷ್ಟೇ ಒಂದಾದ ಬೇರೆ ಕಾರು ಎಂಬುದನ್ನು ನೆನಪಿಡಬೇಕು.

ಉತ್ತರ 3: ಬೆಟಗೇರಿಯವ, ಗದಗ

ಅಳತೆಯ ಚರ್ಚೆ ಚೆನ್ನಾಗಿ ನಡೆದಿದೆ. ನನಗೆ ಪ್ರಶ್ನೆಯಲ್ಲಿ ಬೇರೊಂದು ಸಾಲು ಕಣ್ಣಿಗೆ ಬಿತ್ತು. ಮುಂದಿನ ಎರಡೂ ಟೈರುಗಳ ಎರಡೂ ಅಂಚು ಸವೆದು, ನಡುಭಾಗ ಉಳಿದಿದೆಯೆಂದು ಬರೆದಿದ್ದೀರಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಎನ್ನಬಹುದಿತ್ತು. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚಾಗಿದೆ ಎನ್ನಬಹುದಿತ್ತು. ಎರಡೂ ಅಂಚು ಸವೆದಿದೆಯೆಂದರೆ ಟೈರಿನಲ್ಲಿ ಗಾಳಿ ಕಡಿಮೆಯಿದ್ದು, ನಡುಭಾಗ ಒಳಕ್ಕೆ ಬಾಗಿ, ಭಾರವೆಲ್ಲ ಅಂಚುಗಳ ಮೇಲೆ ಬಿದ್ದಿದೆ ಎಂದೇ ಅರ್ಥ. ನೀವು ಎಷ್ಟು ಗಾಳಿ ಹಾಕಿಸುತ್ತೀರಿ, ಯಾವಾಗ ಹಾಕಿಸುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿರಿ. ಈ ಕಾರಣ ಸರಿಯಾಗದಿದ್ದರೆ 155 ಹಾಕಿಸಿದರೂ ಅದರ ಅಂಚೂ ಇಷ್ಟೇ ಬೇಗ ಹೋಗುತ್ತದೆ.

ಸಾಧನಕೇರಿ ನಿವಾಸಿ

ಬೆಟಗೇರಿಯವರೇ, ನೀವು ಕೇಳಿದ ಮೇಲೆಯೇ ಚಾಲಕನ ಬಾಗಿಲಿನ ಬದಿಯಲ್ಲಿ ಅಂಟಿಸಿದ ಚೀಟಿಯನ್ನು ಮೊದಲ ಸಲ ಓದಿದೆ. ಅಲ್ಲಿ ಬರೆದಿರುವ ಗಾಳಿಯ ಒತ್ತಡಕ್ಕಿಂತ 6 ಪಿಎಸ್‌ಐ (ಒತ್ತಡದ ಅಳತೆ) ಕಡಿಮೆ ಹಾಕಿಸುತ್ತಿದ್ದೇನೆ. ಮಾರ್ಚ್ ತಿಂಗಳಲ್ಲಿ ಪಂಚರ್ ಅಂಗಡಿಯವನು “ಬ್ಯಾಸಗಿ ಐತ್ರಿ ಸರ, ಹವಾ ಕಡಿಮಿ ಇರಲಿ, ಇಲ್ಲಾಂದ್ರ ಟೈರ್ ಒಡೀತಾವ” ಎಂದು ಇಳಿಸಿದ್ದು, ಮಳೆಗಾಲ ಬಂದರೂ ಅದನ್ನೇ ಮುಂದುವರಿಸಿದ್ದೇನೆ. ಹಾಕಿಸುವುದು ಅಣ್ಣಿಗೇರಿಯಿಂದ ತಿರುಗಿ ಬರುವಾಗ, ಸಂಜೆ.

ಉತ್ತರ 3ರ ಮುಂದುವರಿಕೆ: ಬೆಟಗೇರಿಯವ, ಗದಗ

ಹಾಗಾದರೆ ಕೊರತೆ 6 ಅಲ್ಲ, ಅದಕ್ಕಿಂತ ಹೆಚ್ಚು. ಚೀಟಿಯಲ್ಲಿ ಬರೆದಿರುವುದು ತಣ್ಣಗಿರುವ ಟೈರಿನ ಲೆಕ್ಕ, ಅಂದರೆ ಬೆಳಿಗ್ಗೆ ಮನೆಯಿಂದ ಹೊರಟು ಒಂದೆರಡು ಕಿಲೋಮೀಟರಿನೊಳಗೆ ನೋಡಿದ್ದು. ಟೈರಿನೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಒತ್ತಡ ಒಂದೂವರೆ ಪಿಎಸ್‌ಐಯಷ್ಟು ಏರುತ್ತದೆ. ನಲವತ್ತು ಐವತ್ತು ಕಿಲೋಮೀಟರು ಓಡಿ ಬಿಸಿಯಾದ ಟೈರಿಗೆ ನೀವು ಸಂಜೆ ಹಾಕಿಸಿದ ಗಾಳಿ ಮರುದಿನ ಬೆಳಿಗ್ಗೆ ಎಷ್ಟು ಉಳಿದೀತೆಂದು ನೀವೇ ಯೋಚಿಸಿರಿ.

ಬೇಸಿಗೆಯಲ್ಲಿ ಗಾಳಿ ಇಳಿಸಬೇಕೆಂಬ ಮಾತು ನಮ್ಮ ಕಡೆ ಗದುಗಿನಿಂದ ರಾಣೇಬೆನ್ನೂರಿನವರೆಗೆ ಎಲ್ಲ ಪಂಚರ್ ಅಂಗಡಿಗಳಲ್ಲಿಯೂ ಕೇಳಿಬರುತ್ತದೆ. ಕೇಳಲು ಸರಿಯೆನಿಸಿದರೂ ಅದು ತಲೆಕೆಳಗಾದ ಮಾತು. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಒಳಗಿನ ರಬ್ಬರು ಮತ್ತು ದಾರದ ಪದರುಗಳು ಕಾಯುತ್ತವೆ, ಕಾದಷ್ಟೂ ಆ ಪದರುಗಳ ಬೆಸುಗೆ ಸಡಿಲವಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಟೈರು ಒಡೆಯುವುದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಕಡಿಮೆ ಗಾಳಿಯೂ ಹೆಚ್ಚು ಭಾರವೂ ಕೂಡಿದ್ದು. ಬಿಸಿಲಿನಿಂದ ನಾಲ್ಕಾರು ಪಿಎಸ್‌ಐ ಏರುವುದನ್ನು ಟೈರು ಮಾಡುವವರು ಲೆಕ್ಕಕ್ಕೆ ಹಿಡಿದೇ ಇರುತ್ತಾರೆ. ಮಳೆಯಲ್ಲಿ ಹಿಡಿತ ಸಾಲದೆಂಬ ನಿಮ್ಮ ದೂರಿಗೂ ಇದೇ ಮೂಲ. ಟೈರಿನ ಅಡಿಯ ನೀರು ಗೀರುಗಳೊಳಗಿಂದ ಹೊರಗೆ ಹೋಗಬೇಕು. ಅಂಚಿನಲ್ಲಿ ಗೀರೇ ಇಲ್ಲದ, ಗಾಳಿ ಕಡಿಮೆಯಾಗಿ ನಡುಭಾಗ ಒಳಕ್ಕೆ ಬಾಗಿದ ಟೈರು ನೀರಿನ ಮೇಲೆ ತೇಲುತ್ತದೆ. ಗೀರು ಮತ್ತು ಗಾಳಿ ಸರಿಯಿದ್ದರೆ ನಿಮ್ಮ ಕಿರಿದಾದ 145, ನೀರನ್ನು ಸೀಳಿಕೊಂಡು ಹೋಗುವುದರಲ್ಲಿ ಅಗಲ ಟೈರಿಗಿಂತ ಮುಂದೆಯೇ ಇರುತ್ತದೆ.

ಜೋಳದ ಚೀಲದ ವಿಷಯಕ್ಕೆ ಬಂದರೆ, ಟೈರಿನ ಪಕ್ಕೆಯ ಮೇಲೆ ಅಳತೆಯ ನಂತರ ಬರುವ ಅಂಕಿಯನ್ನು ನೋಡಬೇಕು. 145/80 ಆರ್13ರಲ್ಲಿ ಸಾಮಾನ್ಯವಾಗಿ 75 ಎಂದಿರುತ್ತದೆ, ಅಂದರೆ ಒಂದು ಟೈರು 387 ಕಿಲೋ ಹೊರಬಲ್ಲದು. 155/80 ಆರ್13ರಲ್ಲಿ 79 ಇರುತ್ತದೆ, ಅದು 437 ಕಿಲೋ. ಸಹೋದ್ಯೋಗಿಗಳು ಹೇಳಿದ 155/65 ಆರ್14 ಮತ್ತೆ 75, ಅದೇ 387 ಕಿಲೋ. ಅಗಲ ಹೆಚ್ಚಿದರೂ ಹೊರುವ ಶಕ್ತಿ ಹೆಚ್ಚಿಲ್ಲ. ಇವು ಪೂರ್ತಿ ಗಾಳಿಯಿದ್ದಾಗಿನ ಲೆಕ್ಕ, 6 ಪಿಎಸ್‌ಐ ಕಡಿಮೆಯಿದ್ದಾಗಿನದಲ್ಲ. ಯಾವ ಅಳತೆ ಹಾಕಿಸಿದರೂ ಈ ಅಂಕಿ 75ಕ್ಕಿಂತ ಇಳಿಯಬಾರದು. ಐದು ಜನ ಕೂತು ಹಿಂದೆ ಎರಡು ಚೀಲ ಹೇರುವ ದಿನ ಭಾರವು ನಾಲ್ಕೂ ಟೈರಿಗೆ ಸಮನಾಗಿ ಹಂಚಿಹೋಗುವುದಿಲ್ಲ ಎಂಬುದೂ ನೆನಪಿರಲಿ. ಅದಕ್ಕಾಗಿಯೇ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಬೇರೆ ಅಂಕಿ ಕೊಟ್ಟಿದ್ದರೆ ಆ ದಿನ ಹಿಂದಿನ ಚಕ್ರಗಳಿಗೆ ಅದನ್ನೇ ಹಾಕಿಸಬೇಕು.

ಕೊನೆಯದಾಗಿ ಎರೆ ಮಣ್ಣು. ನಮ್ಮ ಹೊಲ ಇರುವುದು ಮುಳಗುಂದದ ಹಾದಿಯಲ್ಲಿ, ಆದುದರಿಂದ ಈ ವಿಷಯದಲ್ಲಿ ನನಗೆ ಯಾವ ಅಂಗಡಿಯವರೂ ಬುದ್ಧಿ ಹೇಳಬೇಕಿಲ್ಲ. ಒಣಗಿದ ಎರೆ ದಾರಿಯಲ್ಲಿ ಯಾವ ಟೈರೂ ನಡೆಯುತ್ತದೆ. ಹಸಿಯಾದಾಗ ಅದು ಟೈರಿಗೆ ಮೆತ್ತಿಕೊಂಡು, ಗೀರುಗಳನ್ನು ಒಂದೇ ಸುತ್ತಿನಲ್ಲಿ ಮುಚ್ಚಿ, ಮಡ್‌ಗಾರ್ಡಿನ ಒಳಗೆ ಗೋಡೆ ಕಟ್ಟಿದಂತೆ ತುಂಬಿಕೊಳ್ಳುತ್ತದೆ. ಆಗ ಬೇಕಾದದ್ದು ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು. ದೊಡ್ಡ ಟೈರು ಹಾಕಿಸಿದಾಗ ಕಡಿಮೆಯಾಗುವುದೂ ಅದೇ ಸಂದು. ಪಕ್ಕದ ಹೊಲದವರ ಕಾರೊಂದು ಅಗಲ ಟೈರಿನೊಂದಿಗೆ ಹೀಗೆ ಸಿಕ್ಕಿಬಿದ್ದಾಗ, ಕುಡಗೋಲಿನಿಂದ ಮಣ್ಣನ್ನು ಕೆತ್ತಿ ತೆಗೆದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯಬೇಕಾಯಿತು. ಮಳೆ ಬಿದ್ದ ಮರುದಿನ ಕಾರನ್ನು ಡಾಂಬರಿನ ಮೇಲೆಯೇ ನಿಲ್ಲಿಸಿ, ಮಾವನವರಿಗೆ ಚಕ್ಕಡಿ ಕಳಿಸಲು ಹೇಳುವುದೇ ಉತ್ತಮ. ಅಳಿಯನಿಗೆ ಅಷ್ಟು ಮರ್ಯಾದೆ ಸಿಕ್ಕೇ ಸಿಗುತ್ತದೆ.

ಉತ್ತರ 4: ವಿದ್ಯಾನಗರ, ಹುಬ್ಬಳ್ಳಿ

ಕಾಯ್ದೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಎರಡು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿದೆ. ಟೈರು ಹತ್ತು ಮಿಲಿಮೀಟರು ಅಗಲವಾಯಿತೆಂದು ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಆದರೆ ಅಪಘಾತದ ನಂತರ ವಿಮೆಯ ಸರ್ವೇಯರು ಕಾರನ್ನು ನೋಡುವ ಕಣ್ಣೇ ಬೇರೆ. ತಯಾರಕರ ಕೈಪಿಡಿಯಲ್ಲಿರುವ ಅಳತೆಯೊಳಗೇ ಇದ್ದರೆ ಆ ವಾದವೇ ಹುಟ್ಟುವುದಿಲ್ಲ. ಇನ್ನು ನಿಮ್ಮ ಈಗಿನ ಮುಂದಿನ ಟೈರುಗಳಂತೂ ಕಾಯ್ದೆಯ ಅಂಚಿನಲ್ಲಿಯೇ ಇವೆ: ಕಾರಿನ ಟೈರಿನ ಗೀರು 1.6 ಮಿ.ಮೀ.ಗಿಂತ ಕಡಿಮೆಯಾಗಬಾರದೆಂದು ನಿಯಮವಿದೆ. ಗೀರಿನ ತಳದಲ್ಲಿ ಅಲ್ಲಲ್ಲಿ ಇರುವ ಸಣ್ಣ ದಿಬ್ಬಗಳು ಟೈರಿನ ಮೇಲ್ಮೈಗೆ ಸಮನಾದವೆಂದರೆ ಆ ಅಳತೆ ಮುಗಿಯಿತೆಂದು ತಿಳಿಯಬೇಕು.

ಸಾಧನಕೇರಿ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಅರ್ಧ ದಿನ ಕಾರಿನ ಅಡಿಯಲ್ಲಿಯೇ ಕಳೆದೆ. ರಿಮ್ಮಿನ ಕೆಸರು ಒರೆಸಿ ಅಂಕಿ ನೋಡಿದೆ, ಸ್ಟೇರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಮನೆಯ ಮಕ್ಕಳನ್ನೆಲ್ಲ ಹಿಂದೆ ಕೂರಿಸಿ, ಸಂದಿನಲ್ಲಿ ಬೆರಳು ಹಾಕಿ ಅಳೆದೆ. ಎಡಗಡೆ ಎರಡು ಬೆರಳು ಸಲೀಸಾಗಿ ಹೋಗುತ್ತವೆ. ಬಲಗಡೆ, ಹಿಂದಿನ ಮಾಲೀಕರು ಎಲ್ಲಿಯೋ ತಾಗಿಸಿ ಮಡ್‌ಗಾರ್ಡನ್ನು ಬಡಿದು ಸರಿಮಾಡಿಸಿದ ಗುರುತಿದ್ದು, ಅಲ್ಲಿ ತಗಡು ಒಳಕ್ಕೆ ಬಂದಿರುವುದರಿಂದ ಒಂದೇ ಬೆರಳು ಹೋಗುತ್ತದೆ, ಅದೂ ಬೋಳು ಟೈರಿಗೆ. 155 ಹಾಕಿಸಿದ್ದರೆ ಹಾವೇರಿಯವರು ಬರೆದ ಗರಗರ ಸದ್ದು ನನಗೆ ಮೊದಲ ದಿನವೇ ಕೇಳಿಸುತ್ತಿತ್ತು.

ಸೋಮವಾರ ಬೆಳಿಗ್ಗೆ ಮನೆಯ ಹತ್ತಿರವೇ, ತಣ್ಣಗಿರುವ ಟೈರಿಗೆ ಚೀಟಿಯಲ್ಲಿದ್ದಷ್ಟು ಗಾಳಿ ಹಾಕಿಸಿಕೊಂಡು ಹೊರಟೆ. ತಗ್ಗಿನಲ್ಲಿ ಕಾರು ಸ್ವಲ್ಪ ಗಡುಸಾಗಿ ನಡೆಯಿತು, ಆದರೆ ಗಬ್ಬೂರು ಕಡೆಗೆ ಹೋಗುವಾಗ ಸ್ಟೇರಿಂಗು ಇಷ್ಟು ಹಗುರಾಗಿದ್ದುದು ನನಗೆ ನೆನಪಿಲ್ಲ. ಕಾರಿನ ಹೊಟ್ಟೆ ಕಲ್ಲಿಗೆ ತಾಗುವುದರಲ್ಲಿಯೂ ಈ 6 ಪಿಎಸ್‌ಐಯ ಪಾಲು ಇದ್ದಿರಬೇಕೆಂದು ಈಗ ಅನಿಸುತ್ತಿದೆ.

ಆದುದರಿಂದ 145/80 ಆರ್13ನ್ನೇ ಹಾಕಿಸಲು ನಿಶ್ಚಯಿಸಿದ್ದೇನೆ. ಮಾಲು ಇಲ್ಲವೆಂಬ ಮಾತೂ ಅರ್ಧವೇ ನಿಜ. 2022ರ ಆಲ್ಟೊ ಕೆ10ಕ್ಕೂ ಇದೇ ಅಳತೆಯಿರುವುದರಿಂದ ತಯಾರಿಕೆ ನಿಂತಿಲ್ಲ, ಆ ಅಂಗಡಿಯಲ್ಲಿ ಆ ದಿನ ಇರಲಿಲ್ಲ ಅಷ್ಟೆ. ಧಾರವಾಡದ ಇನ್ನೊಂದು ಅಂಗಡಿಯವರು ಗುರುವಾರ ತರಿಸಿಕೊಡುತ್ತೇನೆಂದಿದ್ದಾರೆ. ಪಕ್ಕೆಯ ಮೇಲಿನ ತಯಾರಿಕೆಯ ನಾಲ್ಕು ಅಂಕಿಯನ್ನು ನೋಡಿಯೇ ತೆಗೆದುಕೊಳ್ಳುತ್ತೇನೆಂದು ಹೇಳಿ ಬಂದಿದ್ದೇನೆ. ಮೊದಲೆರಡು ವಾರ, ಕೊನೆಯೆರಡು ವರ್ಷ ಎಂಬುದನ್ನು ಅವರೇ ತೋರಿಸಿಕೊಟ್ಟರು.

ಆ ಅಂಕಿ ಓದುವುದು ತಿಳಿದ ಮೇಲೆ ಮನೆಗೆ ಬಂದು ಸ್ಟೆಪ್ನಿಯನ್ನು ಹೊರಗೆ ತೆಗೆದೆ. ಗೀರು ಹೊಸದರಂತಿದೆ, ಒಮ್ಮೆಯೂ ನೆಲಕ್ಕೆ ತಾಗಿದಂತಿಲ್ಲ. ಪಕ್ಕೆಯ ಮೇಲೆ ಕೂದಲೆಳೆಯಂತಹ ಬಿರುಕುಗಳು, ಅವುಗಳ ನಡುವೆ 1413 ಎಂದಿದೆ. 2013ರ ಹದಿನಾಲ್ಕನೆಯ ವಾರ. ಗುರುವಾರ ಐದು ಟೈರು ತರಿಸಿರೆಂದು ಅಂಗಡಿಗೆ ಮತ್ತೆ ಫೋನು ಮಾಡಿದೆ.